ಪಬ್ಲಿಕ್ ಗಾರ್ಡನ್ನಿನಲ್ಲಿ ನಮ್ಮ ಹೊಲ

ನಮಗೆ ಹೊಲ ಇಲ್ಲ. ಇತ್ತು. ಜೇವರ್ಗಿ ಕಡೆ ನಾಲ್ಕು ಎಕರೆ ಕರಿಮಣ್ಣು. ಎರಡೆಕರೆ ಅಕ್ಕನ ಮದುವೆಗೆ ಹೋಯಿತು, ಇನ್ನೆರಡು ನನ್ನ ಓದಿಗೆ. ಅವ್ವನಿಗೆ ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ ಈ ಲೆಕ್ಕ ಹೊರಗೆ ಬರುತ್ತದೆ. "ಎರಡೆಕರೆ ಓದೀದಿ, ಒಂದು ಬಲ್ಬ್ ಹಾಕ್ಲಕ್ಕ ಬರಲ್ಲ ನಿನಗ."

ವರ್ಷದ ಉಳಿದ ದಿನ ಹೊಲ ಇಲ್ಲ ಅಂತ ಏನೂ ಅನಿಸುವುದಿಲ್ಲ. ಜೋಳ ಅಂಗಡಿಯಲ್ಲಿ ಸಿಗುತ್ತದೆ, ತೊಗರಿಬೇಳೆಯೂ ಸಿಗುತ್ತದೆ. ನಮ್ಮ ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಸೀಮೆಯದೇ ಬೆಳೆ ಅನ್ನುವ ಸರಕಾರಿ ಗುರುತು, ಬಂದ ಮೇಲಂತೂ ಅಂಗಡಿಯವನು ರೇಟು ಹೇಳುವಾಗ ಎದೆ ಉಬ್ಬಿಸುತ್ತಾನೆ, ಅವನೇ ಬೆಳೆದ ಹಾಗೆ. ಫಜೀತಿ ಆಗುವುದು ಎಳ್ಳ ಅಮಾವಾಸ್ಯೆ ದಿನ ಮಾತ್ರ. ಅವತ್ತು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಬಸುರಿ ಹೆಂಗಸಿಗೆ ಉಣ್ಣಿಸಿದ ಹಾಗೆ ಭೂಮಿತಾಯಿಗೆ ಉಣ್ಣಿಸಬೇಕು. ಬುತ್ತಿಯದನ್ನೇ ಹೊಲದ ತುಂಬ ಚೆಲ್ಲುತ್ತಾರೆ, ಅದಕ್ಕೆ ಚರಗ ಅನ್ನುತ್ತಾರೆ. ಹೊಲ ಇಲ್ಲದವರು ಎಲ್ಲಿಗೆ ಹೋಗಬೇಕು?

ಕಲಬುರಗಿಯಲ್ಲಿ ಅದಕ್ಕೊಂದು ಉತ್ತರ ಇದೆ. ಪಬ್ಲಿಕ್ ಗಾರ್ಡನ್ನಿಗೆ.

ಕೆಲವು ವರ್ಷದ ಹಿಂದೆ ನಾವೂ ಹಾಗೇ ಹೊರಟೆವು. ಅವ್ವ, ನಾನು, ನನ್ನಾಕೆ, ತಮ್ಮ, ಎರಡೂ ಮನೆಯ ಐದು ಮಕ್ಕಳು. ಒಂದೇ ಟಂಟಂ ಆಟೋ. ಮಧ್ಯದಲ್ಲಿ ಬಿಳಿ ಬಟ್ಟೆ ಕಟ್ಟಿದ ಬುತ್ತಿ ಬುಟ್ಟಿ. ಜಾಗ ಸಾಲದೆ ತಮ್ಮ ಅರ್ಧ ಹೊರಗೇ ತೂಗುತ್ತಿದ್ದ, ಬುಟ್ಟಿ ಮಾತ್ರ ಆರಾಮಾಗಿ ಕೂತಿತ್ತು. ಅದರೊಳಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿ ಪಲ್ಯ, ಡಬರಿ ತುಂಬ ಅಂಬಲಿ. ಮತ್ತೆ ಭಜ್ಜಿ. ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿ ಅಂದುಕೊಳ್ಳಬೇಡಿ, ಇದು ಬೇರೆ. ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಶೇಂಗಾ, ಬದನೆಕಾಯಿ, ಗಜ್ಜರಿ, ಮೆಂತ್ಯ, ಇನ್ನೂ ಆ ಕಾಲಕ್ಕೆ ಕೈಗೆ ಸಿಕ್ಕ ಸೊಪ್ಪೆಲ್ಲ ಹಾಕಿ, ಹುಣಸೆಹುಳಿ, ಕಡಲೆಹಿಟ್ಟು ಕೂಡಿಸಿ ಕುದಿಸುವ ಪಲ್ಯ. ಹೊಲದಲ್ಲಿ ಇರುವುದೆಲ್ಲ ಒಂದು ಪಾತ್ರೆಯಲ್ಲಿ ಬಂದು ಕೂತ ಹಾಗೆ.

ಗಾರ್ಡನ್ನಿಗೆ ಹೋಗಿ ನೋಡಿದರೆ ನಮಗಿಂತ ಮೊದಲೇ ಅರ್ಧ ಕಲಬುರಗಿ ಬಂದಿದೆ. ಮರಕ್ಕೊಂದು ಕೌದಿ, ಕೌದಿಗೊಂದು ಸಂಸಾರ. ಅವ್ವ ಬೇವಿನ ಗಿಡದ ಕೆಳಗೆ ಜಾಗ ಹಿಡಿದಳು. ಪಕ್ಕದ ಕೌದಿಯವರು ಒಂದು ಬಟ್ಟಲು ಭಜ್ಜಿ ಕೊಟ್ಟರು, ನಾವೂ ಒಂದು ಬಟ್ಟಲು ಕೊಟ್ಟೆವು. ಎರಡೂ ಕಡೆ ಹೆಂಗಸರು ಬೆರಳಲ್ಲಿ ರುಚಿ ನೋಡಿ, ನಕ್ಕು, "ಭಾಳ ಛಲೋ ಆಗ್ಯಾದ್ರಿ" ಅಂದರು. ಆಮೇಲೆ ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು, "ಹುಣಸಿ ಜಾಸ್ತಿ" ಅಂದಳು. ಅವರೂ ಅತ್ತ ತಿರುಗಿ ಏನೋ ಅಂದದ್ದು ಕಂಡಿತು.

ಇನ್ನು ಪೂಜೆ. ಹೊಲದಲ್ಲಾದರೆ ಐದು ಕಲ್ಲು ಆರಿಸಿ, ಸುಣ್ಣ ಹಚ್ಚಿ, ಪಾಂಡವರು ಅಂತ ಸಾಲಾಗಿ ಇಟ್ಟು ಪೂಜಿಸುತ್ತಾರೆ. ಗಾರ್ಡನ್ನಿನಲ್ಲಿ ಕಲ್ಲು ಎಲ್ಲಿಂದ ತರುವುದು? ಮಕ್ಕಳನ್ನು ಹುಡುಕಲು ಕಳಿಸಿದೆವು. ಐದು ನಿಮಿಷದಲ್ಲಿ ತಂದರು. ನೋಡಿದರೆ ಹೂವಿನ ಪಾತಿಯ ಅಂಚಿಗೆ ಕೋನ ಮಾಡಿ ಹುಗಿದಿರುತ್ತಾರಲ್ಲ, ಆ ಇಟ್ಟಂಗಿ ತುಂಡು. ಒಂದು ಬದಿ ಕೆಂಪು, ಒಂದು ಬದಿ ಬಿಳಿ. ನಾನು ಬೈಯಬೇಕು ಅನ್ನುವಷ್ಟರಲ್ಲಿ ಅವ್ವ ಅಂದಳು, "ಸುಣ್ಣ ಹಚ್ಚೇ ಅದ. ಕೆಲಸ ಉಳೀತು."

ದೂರದಲ್ಲಿ ಮಾಲಿ ನಿಂತು ನೋಡುತ್ತಿದ್ದ. ಏನೂ ಅನ್ನಲಿಲ್ಲ. ಕುಂಕುಮ ಬಿದ್ದ ಇಟ್ಟಂಗಿಗೆ ಯಾರು ಏನು ಅನ್ನುತ್ತಾರೆ? ನನ್ನ ಸಣ್ಣ ಮಗ ಐದರಲ್ಲಿ ದೊಡ್ಡದನ್ನು ಭೀಮ ಅಂತ ನಿಕ್ಕಿ ಮಾಡಿದ. ಎಲ್ಲರಿಗೂ ಒಂದೊಂದು ಕಡುಬು ಇಟ್ಟರೆ ಭೀಮನಿಗೆ ಮೂರು ಇಡಬೇಕು ಅಂತ ಹಟ ಹಿಡಿದ. ಇಟ್ಟೆವು. ಅಷ್ಟಾದರೂ "ಅವನಿಗೆ ಸಾಲಲ್ಲ" ಅಂತ ಗೊಣಗುತ್ತಲೇ ಇದ್ದ.

ಊಟದ ನಂತರ ಮಕ್ಕಳಿಗೆ ಆಟದ ಬಯಲು. ಜೋಕಾಲಿಯ ಮುಂದೆ ಉದ್ದ ಪಾಳಿ. ಜೋಕಾಲಿಯ ಮೇಲೆ ಮಾತ್ರ ಮಕ್ಕಳಿಲ್ಲ, ಅವರ ಅಪ್ಪಂದಿರು ಕೂತಿದ್ದರು. ತಮ್ಮ ಸೀ-ಸಾ ಹಲಗೆಯ ಒಂದು ತುದಿಗೆ ಕೂತ. ಆ ತುದಿಗೆ ಮೂರು ಮಕ್ಕಳು ಹತ್ತಿದರೂ ಇವನು ಏಳಲಿಲ್ಲ. ನಾಲ್ಕನೆಯದು ಹತ್ತಿದ ಮೇಲೆ ಸ್ವಲ್ಪ ಅಲುಗಿದ. "ಕಾಕಾ, ಎಷ್ಟು ಕಡುಬು ತಿಂದಿ?" ಅಂತ ನನ್ನ ಮಗಳು ಗಾರ್ಡನ್ನಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅಲ್ಲಿಂದ ಟಿಕೆಟ್ ತೆಗೆಸಿ ಕಿರು ಮೃಗಾಲಯಕ್ಕೆ ಹೋದೆವು. ಅವ್ವ ಮಾತ್ರ ಸೆರಗಿನೊಳಗೆ ಏನೋ ಮುಚ್ಚಿಕೊಂಡೇ ಬಂದಳು. ನಾನು ಕೇಳಲಿಲ್ಲ.

ಮೊಸಳೆ ಬಾಯಿ ತೆರೆದು ಬಿದ್ದಿತ್ತು. ಹತ್ತು ನಿಮಿಷ ನಿಂತರೂ ಮುಚ್ಚಲಿಲ್ಲ. ಸಿಮೆಂಟಿನದು ಅಂತ ಮಕ್ಕಳಲ್ಲಿ ವಾದ ಶುರುವಾಯಿತು. ಮೈ ಬಿಸಿಯಾದಾಗ ಮೊಸಳೆ ಹಾಗೆ ಬಾಯಿ ತೆರೆದು ತಣ್ಣಗೆ ಮಾಡಿಕೊಳ್ಳುತ್ತದೆ, ಅದಕ್ಕೆ ಬೆವರುವುದು ಗೊತ್ತಿಲ್ಲ ಅಂತ ನಾನು ಎರಡೆಕರೆ ಓದಿದ್ದನ್ನು ತೋರಿಸಿದೆ. ಅವ್ವ ಕೇಳಿಸಿಕೊಂಡು, "ನಿಮ್ಮ ಮುತ್ಯಾ ಬ್ಯಾಸಿಗ್ಯಾಗ ಹಿಂಗೇ ಮಲಗ್ತಿದ್ದ" ಅಂತ ಮಕ್ಕಳಿಗೆ ಹೇಳಿ ಮುಂದೆ ನಡೆದಳು.

ಮುಂದಿನದು ಕೃಷ್ಣಮೃಗದ ಬೇಲಿ. ಕರಿ ಬೆನ್ನು, ಬಿಳಿ ಹೊಟ್ಟೆ, ತಿರುವಿ ತಿರುವಿ ಮೇಲೆ ಹೋದ ಕೋಡು. ನಮ್ಮನ್ನು ನೋಡುತ್ತ ಮೇವು ಮೆಲ್ಲುತ್ತಿತ್ತು. ಅವ್ವ ಜಾಳಿಗೆಗೆ ಮುಖ ಹಚ್ಚಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದು ಚಿಗರಿ ಅಲ್ಲೇನು? ಇದನ್ನ ನೋಡ್ಲಕ್ಕ ರೊಕ್ಕ ಕೊಟ್ಟೀ?"

ತಪ್ಪಿಲ್ಲ. ಬೀದರ್, ಯಾದಗಿರಿ ಕಡೆ ಹೋದರೆ ಹೊಲದಲ್ಲೇ ಚಿಗರಿ ಹಿಂಡು ಕಾಣುತ್ತವೆ. ಒಂದು ಗುಂಪು ಕಡಲೆ ಹೊಲಕ್ಕೆ ಇಳಿದರೆ ರೈತನ ಕಥೆ ಮುಗಿದ ಹಾಗೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದರ ಮೈ ಮುಟ್ಟುವಂತಿಲ್ಲ. ಕೂಗಿ ಓಡಿಸಬೇಕು, ಅಷ್ಟೇ. ಅವ್ವ ಸಣ್ಣವಳಿದ್ದಾಗ ತಗಡು ಬಡಿದು ಓಡಿಸಿದವಳು. ಈಗ ಅದೇ ಚಿಗರಿಯನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ನೆ ನಿಂತಳು. "ನಮ್ಮ ಹೊಲ ತಿಂದು ತಿಂದು ಇಲ್ಲಿ ಬಂದು ಕುಂತೀಯಾ?" ಅಂತ ಅದಕ್ಕೆ ಕೇಳಿದಳು. ಬೈದದ್ದೋ ಕುಶಲ ಕೇಳಿದ್ದೋ ಹೇಳುವುದು ಕಷ್ಟ. ಕೇಳುತ್ತಲೇ ಸೆರಗಿನಿಂದ ಅರ್ಧ ರೊಟ್ಟಿ ಹೊರಗೆ ತೆಗೆದಳು.

ಎಲ್ಲಿದ್ದನೋ, ಕಾವಲುಗಾರ ಓಡಿ ಬಂದ. "ಯವ್ವಾ, ಹಾಕಬ್ಯಾಡ್ರಿ! ಬೋರ್ಡ್ ಅದ ನೋಡ್ರಿ."

"ಅಮಾಸಿ ದಿನ ಚರಗ ಚೆಲ್ಲಬಾರದೇನು? ಎಲ್ಲಾ ಜೀವಕ್ಕೂ ಹಾಕಬೇಕಪ್ಪ."

ಅವನು ಕಾನೂನು ಹೇಳಬಹುದಿತ್ತು. ದಂಡ ಅನ್ನಬಹುದಿತ್ತು. ಹಾಗೆ ಮಾಡಲಿಲ್ಲ. "ಯವ್ವಾ, ನಿಮ್ಮ ಎತ್ತು ರಾಶಿಗೆ ಬಾಯಿ ಹಾಕಿ ಜೋಳ ತಿಂದ್ರ ಏನಾಗ್ತದ?" ಅಂತ ಕೇಳಿದ.

"ಹೊಟ್ಟಿ ಉಬ್ಬತದ."

"ಇದಕ್ಕೂ ಹಂಗೇ. ಇವತ್ತು ಸಾವಿರ ಮಂದಿ ಬಂದಾರ. ಒಬ್ಬೊಬ್ರು ಅರ್ಧ ರೊಟ್ಟಿ ಹಾಕಿದ್ರ ನಾಳಿ ಮುಂಜಾನಿ ಇದು ಏಳಲ್ಲ."

ಮೆಲುಕು ಹಾಕುವ ದನಕ್ಕೆ ಕಾಳು, ಹಿಟ್ಟು ಒಮ್ಮೆಲೇ ಜಾಸ್ತಿ ಬಿದ್ದರೆ ಹೊಟ್ಟೆಯಲ್ಲಿ ಹುಳಿಯಾಗಿ ಪ್ರಾಣಕ್ಕೇ ಬರುತ್ತದೆ ಅಂತ ಅವ್ವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರೊಟ್ಟಿ ವಾಪಸು ಸೆರಗಿನೊಳಗೆ ಹೋಯಿತು. ಸ್ವಲ್ಪ ತಡೆದು ಮತ್ತೆ ಹೊರಗೆ ಬಂತು. "ಹಂಗಾದ್ರ ನೀನಾದ್ರೂ ಉಣ್ಣು" ಅಂತ ಅವನ ಕೈಗೇ ಇಟ್ಟಳು. ಕಾವಲುಗಾರ ಬೋರ್ಡನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಅವನ ಬಗ್ಗೆ ಬೋರ್ಡಿನಲ್ಲಿ ಏನೂ ಬರೆದಿರಲಿಲ್ಲ. ತಿಂದ.

ಚರಗವನ್ನು ಕೊನೆಗೆ ಬೇವಿನ ಗಿಡದ ಸುತ್ತ ಚೆಲ್ಲಿದೆವು. ಅವ್ವ ಮುಂದೆ ಹಿಡಿ ಹಿಡಿಯಾಗಿ ಚೆಲ್ಲುತ್ತ, ನಾನು ಹಿಂದೆ ಬಿಸ್ಲೆರಿ ಬಾಟಲಿಯಿಂದ ನೀರು ಚಿಮುಕಿಸುತ್ತ. "ಹುಲ್ಲುಲ್ಲಿಗೋ… ಸಲಾಂಬ್ರಿಗೋ…" ಅಂತ ಅವಳು ಕೂಗಿದರೆ ಮಕ್ಕಳೂ ಕೂಗಿದವು. ಅರ್ಥ ಏನು ಅಂತ ಮಗಳು ಕೇಳಿದಳು. "ಅರ್ಥ ತಗೊಂಡು ಏನ್ ಮಾಡ್ತಿ, ಜೋರಾಗಿ ಕೂಗು" ಅಂದಳು ಅವ್ವ. ಪಕ್ಕದ ಕೌದಿಯವರೂ ದನಿಗೂಡಿಸಿದರು, ಹುಣಸೆ ಜಾಸ್ತಿ ಹಾಕಿದವರು. ಎರಡು ಅಳಿಲು, ಒಂದಿಷ್ಟು ಗೊರವಂಕ, ಒಂದು ಕುಂಟು ನಾಯಿ ಬಂದು ಅಷ್ಟನ್ನೂ ಮುಗಿಸಿದವು. ಅವಕ್ಕೆ ಬೋರ್ಡ್ ಇರಲಿಲ್ಲ.

ಸಂಜೆ ಹೊರಡುವಾಗ ಇಟ್ಟಂಗಿಗಳನ್ನು ತೊಳೆದು ಪಾತಿಯ ಅಂಚಿಗೆ ವಾಪಸು ಇಡಲು ಮಕ್ಕಳಿಗೆ ಹೇಳಿದೆ. ಟಂಟಂನಲ್ಲಿ ಹೋಗುವಾಗ ಬುಟ್ಟಿ ಯಾಕೋ ಬರುವಾಗಿನಷ್ಟೇ ಭಾರ ಅನಿಸಿತು. ಉಳಿದ ರೊಟ್ಟಿ ಇರಬೇಕು ಅಂದುಕೊಂಡೆ.

ಮನೆಯಲ್ಲಿ ನನ್ನಾಕೆ ಬುಟ್ಟಿ ಬಿಚ್ಚಿದಳು. ರೊಟ್ಟಿಯ ಕೆಳಗೆ, ಕುಂಕುಮ ಹಚ್ಚಿದ ಕೆಂಪು ಬಿಳಿ ಇಟ್ಟಂಗಿ ತುಂಡು. ಎಲ್ಲರೂ ಸಣ್ಣ ಮಗನ ಕಡೆ ನೋಡಿದೆವು.

"ಭೀಮಗ ಇನ್ನೂ ಹಸಿವಿತ್ತು" ಅಂದ.