ಹುಲ್ಲುಗಾವಲು ಪಾಳುಭೂಮಿಯಲ್ಲ

‘ಮರವಿಲ್ಲದ ಪಾಳುಭೂಮಿಗೆ ಸಸಿ ನೆಟ್ಟರೆ ಪರಿಸರ ಮರಳುತ್ತದೆ’ ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ. 1974ರಲ್ಲಿ ಘೋಷಣೆಯಾದ, ಸುಮಾರು 119 ಚದರ ಕಿ.ಮೀ. ಜಾಗ, ಅದರ ಬಹುಭಾಗ ನೀಲಗಿರಿ ನೆಡುತೋಪು. ತೋಳವನ್ನು ದೂರದಿಂದಲೇ ಕಂಡು, ಓಟವನ್ನೇ ನಂಬಿ ಬದುಕುವ ಚಿಗರಿಗೆ (ಕೃಷ್ಣಮೃಗಕ್ಕೆ) ಆ ಸಾಲುಮರಗಳ ನಡುವೆ ಏನಿದೆ? ಹಿಂದೆ ಅಲ್ಲಿ ಕಾಣುತ್ತಿದ್ದ ಎರೆಭೂತ ಎಂಬ ಬಯಲಿನ ದೊಡ್ಡ ಹಕ್ಕಿ ಈಗ ಇಲ್ಲ. ನಮ್ಮಜ್ಜ ಇಂಥ ಬಯಲನ್ನು ಎಂದೂ ಪಾಳು ಎನ್ನಲಿಲ್ಲ, ಕಾವಲು ಎನ್ನುತ್ತಿದ್ದರು. ಕುರಿಗೂ ದನಕ್ಕೂ ಮೇವು ಅಲ್ಲೇ. ನಿಜಕ್ಕೂ ಮರಳಿಸಬೇಕೆಂದರೆ ಮೊದಲು ನೀಲಗಿರಿ, ಬಳ್ಳಾರಿ ಜಾಲಿ ತೆಗೆಯಿರಿ. ಅಲ್ಲಿಯದೇ ಹುಲ್ಲಿನ ಬೀಜ ಬಿತ್ತಿ, ಕುರಿಗಾರರನ್ನು ಕೇಳಿಯೇ ಒಂದೆರಡು ಮಳೆಗಾಲ ಮೇಯಿಸದೆ ಬಿಡಿ. ಸಸಿ ನೆಡುವ ಗುರಿಯನ್ನು ಆ ಬಯಲಿನ ಮೇಲೆ ಹೇರಬೇಡಿ.