ತುರ್ತು ಕರೆ ಸಂಖ್ಯೆ 112ಕ್ಕೆ ಹಣ ಕೇಂದ್ರವೇ ಕೊಡಬೇಕೇ?

ಪರ

2018ರ ನವೆಂಬರ್ 24ರಂದು ಮಂಡ್ಯ ಜಿಲ್ಲೆ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಮಂದಿ ನೀರುಪಾಲಾದರು. ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಆಗ ಪೊಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸ್‌ಗೆ 108. ನಾಲೆಯ ಏರಿ ಮೇಲೆ ನಿಂತು ಅಳುತ್ತಿರುವವರು ಯಾವುದನ್ನು ಮೊದಲು ಒತ್ತಬೇಕು? ಇದಾದ ನಾಲ್ಕೇ ದಿನಕ್ಕೆ ಹಿಮಾಚಲ ಪ್ರದೇಶ ಈ ಮೂರಕ್ಕೂ ಒಂದೇ ಸಂಖ್ಯೆಯಾದ 112ರ ಸೇವೆ ಆರಂಭಿಸಿದ ಮೊದಲ ರಾಜ್ಯವಾಯಿತು.

ಆ ಯೋಜನೆಗೆ ಹಣ ಒದಗಿದ್ದು ನಿರ್ಭಯಾ ನಿಧಿಯಿಂದ. ದೆಹಲಿಯ ಹೆಣ್ಣುಮಗಳೊಬ್ಬಳ ಸಾವಿನ ಬಳಿಕ, 2013ರಲ್ಲಿ, ಕೇಂದ್ರ ಸರ್ಕಾರ 1000 ಕೋಟಿ ರೂಪಾಯಿಯೊಂದಿಗೆ ಸ್ಥಾಪಿಸಿದ ನಿಧಿ ಅದು. ಮುಂದೆಯೂ ಕೇಂದ್ರವೇ ಕೊಡಲಿ. ಬಾವಲಿ ದಾಟಿದರೆ ಕೇರಳ, ಬಂಡೀಪುರ ದಾಟಿದರೆ ತಮಿಳುನಾಡು. ಮೈಸೂರಿನಿಂದ ಹೊರಟವರ ಜೀವ ರಾಜ್ಯದ ಗಡಿಯಾಚೆಗೆ ಅಗ್ಗವಾಗುವುದಿಲ್ಲ. ಬೊಕ್ಕಸ ಬರಿದಾದ ರಾಜ್ಯದಲ್ಲಿಯೂ ಅದೇ ಸಂಖ್ಯೆಗೆ ಅದೇ ವೇಗದ ಉತ್ತರ ಸಿಗಬೇಕು.

ವಿರೋಧ

ಸಂಖ್ಯೆ ಒಂದೇ ಇರಲಿ, ಅದರಲ್ಲಿ ತಕರಾರಿಲ್ಲ. ನನ್ನ ಆಕ್ಷೇಪ ಹಣದ ದಾರಿಯ ಬಗ್ಗೆ. ಪೊಲೀಸ್ ಮತ್ತು ಸಾರ್ವಜನಿಕ ಆರೋಗ್ಯ ಎರಡೂ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿವೆ. ಹೊಣೆ ಇಲ್ಲಿದ್ದು ಹಣದ ಚೀಲ ಅಲ್ಲಿದ್ದರೆ, ಎಡವಟ್ಟಾದಾಗ ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ.

ಕನಗನಮರಡಿಯಲ್ಲಿ ಮೊದಲು ಓಡಿ ಬಂದವರು ಸುತ್ತಲಿನ ಜಮೀನಿನಲ್ಲಿದ್ದ ಜನ. ಅವರ ಕೈಗೆ ಆ ಹೊತ್ತಿನಲ್ಲಿ ಬೇಕಾದದ್ದು ಹಗ್ಗ, ಕ್ರೇನ್ ಮತ್ತು ಈಜು ಬಲ್ಲವರು. ದೂರದಿಂದ ಬರುವ ಅನುದಾನ ಸಾಮಾನ್ಯವಾಗಿ ಕೊಠಡಿ, ಪರದೆ, ಸಾಫ್ಟ್‌ವೇರ್ ಕೊಳ್ಳುತ್ತದೆ. ಕೊಂಡದ್ದಕ್ಕೆ ಲೆಕ್ಕ ತೋರಿಸುವುದು ಸುಲಭ. ವಾಹನದ ಡೀಸೆಲ್, ಚಾಲಕನ ಸಂಬಳ ಮಾತ್ರ ತಿಂಗಳು ತಿಂಗಳೂ ಬೇಕು.

ಕರೆ ಮಾಡುವ ರೈತ ಬಾಯಿಬಿಟ್ಟು ಹೇಳುವುದಾದರೂ ಏನು? 'ಹೊಸಹಳ್ಳಿ ಹತ್ತಿರ, ಆಲೆಮನೆ ದಾಟಿ, ನಾಲೆ ಏರಿ ಮೇಲೆ.' ಹೊಸಹಳ್ಳಿ ಎಂಬ ಹೆಸರಿನ ಊರು ಒಂದೇ ಅಲ್ಲ. ಕೊಪ್ಪಲುಗಳಂತೂ ಲೆಕ್ಕವಿಲ್ಲದಷ್ಟು. ಈ ಮಾತು ಕೇಳಿದ ಕೂಡಲೇ ಜಾಗ ಕಣ್ಣಿಗೆ ಕಟ್ಟುವ ಸಿಬ್ಬಂದಿ ತಾಲ್ಲೂಕಿನಲ್ಲಿಯೇ ಇರಬೇಕು. ಅವರ ಖರ್ಚನ್ನು ರಾಜ್ಯ ತನ್ನ ಬಜೆಟ್ಟಿನಲ್ಲಿಯೇ ತೆಗೆದಿಡಲಿ. ಮದ್ದೂರಿನ ವಾಹನ ಕೆಟ್ಟು ನಿಂತರೆ ನಾನು ದೆಹಲಿಯ ಯಾವ ಬಾಗಿಲು ತಟ್ಟಲಿ? ನಮ್ಮ ಶಾಸಕರನ್ನಾದರೆ ಸಂತೆಯಲ್ಲಿಯೇ ನಿಲ್ಲಿಸಿ ಕೇಳಬಹುದು.