ಇದೂ ಒಂದು ಸ್ನೋನಾ?

ಈಗಷ್ಟೇ ಒಳಗೆ ಬಂದು ಕೂತಿದ್ದೇನೆ. ಬೆರಳುಗಳು ಇನ್ನೂ ಹೇಳಿದ ಮಾತು ಕೇಳುತ್ತಿಲ್ಲ. ಆದರೂ ಈಗಲೇ ಬರೆಯಬೇಕು. ಮಧ್ಯಾಹ್ನದ ಊಟ ಆಯಿತೆಂದರೆ ಸಿಟ್ಟು ಇಳಿದುಬಿಡುತ್ತದೆ.

ಆಗಿದ್ದು ಇಷ್ಟು. ರಾತ್ರಿ 7 ಇಂಚು ಸ್ನೋ ಬಿತ್ತು. ಬೆಳಿಗ್ಗೆ ಐದೂವರೆಗೆ ಎದ್ದು, ಕಾಫಿ ಸಹ ಕುಡಿಯದೆ, ಸಲಿಕೆ ಹಿಡಿದು ರಸ್ತೆಯಿಂದ ಗ್ಯಾರೇಜಿನವರೆಗಿನ ಡ್ರೈವ್‌ವೇ ಪೂರ್ತಿ ಬಾಚಿದೆ. ಒಂದು ಗಂಟೆ ಹಿಡಿಯಿತು. ಸೊಂಟ ಹಿಡಿದುಕೊಂಡಿದ್ದು ಬೇರೆ. ಅಂಚೆಲ್ಲ ನೀಟಾಗಿ ತೆಗೆದು, ಸಗಣಿ ಸಾರಿಸಿದ ಅಂಗಳದ ಹಾಗೆ ಮಾಡಿ, ಇನ್ನೊಂದು ರಂಗೋಲಿ ಎಳೆಯುವುದಷ್ಟೇ ಬಾಕಿ ಅಂತ ನಿಂತು ನೋಡುತ್ತಿದ್ದೆ. ಆಗ ಬಂತು ಪ್ಲೋ ಲಾರಿ, ರಸ್ತೆಯ ಸ್ನೋ ಬಾಚುವ ಗಾಡಿ. ಹಳದಿ ದೀಪ ತಿರುಗಿಸುತ್ತಾ, ಇಡೀ ಬೀದಿಯ ಸ್ನೋ ತಳ್ಳಿಕೊಂಡು ಬಂದು, ನನ್ನ ಡ್ರೈವ್‌ವೇ ಬಾಯಿಗೆ ಮೊಣಕಾಲೆತ್ತರದ ಗೋಡೆ ಕಟ್ಟಿ ಮುಂದೆ ಹೋಯಿತು. ಅದೂ ಮೆತ್ತನೆಯ ಸ್ನೋ ಅಲ್ಲ. ಐಸಿನ ಹೆಂಟೆ, ಮರಳು, ಉಪ್ಪು ಎಲ್ಲ ಕಲಸಿದ ಗಾರೆ. ಹೋಗುವಾಗ ಡ್ರೈವರ್ ನನ್ನತ್ತ ನೋಡಿ ಕೈ ಬೀಸಿದ. ಗೋಡೆಯನ್ನಾದರೂ ಮರೆತೇನು, ಆ ಕೈ ಬೀಸಿದ್ದನ್ನು ಮರೆಯಲಾರೆ.

ನಾವಿರುವುದು ಅಮೆರಿಕದ ಉತ್ತರದ ಮಿನ್ನೆಸೋಟಾ ರಾಜ್ಯದಲ್ಲಿ. ಇಲ್ಲಿರುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮನೆ ಮುಂದೆಯೂ ಇವತ್ತು ಒಂದು ಗೋಡೆ ಇರುತ್ತದೆ.

ಇಲ್ಲಿನ ರಾಜ್ಯ ಸಾರಿಗೆ ಇಲಾಖೆ ತನ್ನ ಪ್ಲೋ ಲಾರಿಗಳಿಗೆ ನಾಮಕರಣ ಮಾಡುತ್ತದೆ. ಜನರಿಂದ ಹೆಸರು ಕೇಳಿ, ಓಟು ಹಾಕಿಸಿ. 2021ರಲ್ಲಿ ಮೊದಲ ಸಲ ಗೆದ್ದ ಹೆಸರು ಪ್ಲೋವಿ ಮ್ಯಾಕ್‌ಪ್ಲೋಫೇಸ್. ಮರುವರ್ಷ, ನಟಿ ಬೆಟ್ಟಿ ವೈಟ್ ಹೆಸರನ್ನು ತಿರುಚಿದ ಬೆಟ್ಟಿ ವೈಟ್‌ಔಟ್. ಕಂಟ್ರೋಲ್ ಸಾಲ್ಟ್ ಡಿಲೀಟ್ ಅಂತಲೂ ಒಂದಿದೆ. ಅದನ್ನು ಸೂಚಿಸಿದವನು ಖಂಡಿತ ನಮ್ಮ ಜಾತಿಯವನೇ, ಅಂದರೆ ಸಾಫ್ಟ್‌ವೇರಿನವನು. ನಾವು ಆರಿದ್ರಾ, ಪುನರ್ವಸು, ಪುಷ್ಯ ಅಂತ ಮಳೆಯನ್ನು ಹೆಸರು ಹಿಡಿದು ಕರೆಯುವವರು. ಇವರು ಲಾರಿಯನ್ನು ಕರೆಯುತ್ತಾರೆ. ಆದರೆ ಈ ಹೆಸರಿರುವ ಲಾರಿಗಳೆಲ್ಲ ಹೆದ್ದಾರಿಯವು. ನಮ್ಮ ಬೀದಿಗೆ ಬರುವ ಲಾರಿಗೆ ಹೆಸರಿಲ್ಲ. ಇವತ್ತು ಬೆಳಿಗ್ಗೆ ನಾನೇ ಒಂದು ಇಟ್ಟೆ, ಇಲ್ಲಿ ಬರೆಯುವಂಥದ್ದಲ್ಲ.

ಗೋಡೆ ಒಡೆಯುತ್ತಿರುವಾಗ ಎದುರು ಮನೆಯ ಅಜ್ಜ ಹೊರಗೆ ಬಂದರು. ವಯಸ್ಸು ಎಪ್ಪತ್ತೈದು ದಾಟಿದೆ. ತೆಳ್ಳಗಿನ ಒಂದು ಜಾಕೆಟ್, ತಲೆಗೆ ಬೇಸ್‌ಬಾಲ್ ಟೋಪಿ. ಕಿವಿ ಮುಚ್ಚುವ ಅಭ್ಯಾಸವೇ ಇಲ್ಲ. 'ಹೇಗಿದೆ?' ಅಂದರೆ 'ನಾಟ್ ಟೂ ಬ್ಯಾಡ್' ಅನ್ನುತ್ತಾರೆ. ಮೈನಸ್ 5 ಇದ್ದರೂ ನಾಟ್ ಟೂ ಬ್ಯಾಡ್, ಮೈನಸ್ 30 ಇದ್ದರೂ ನಾಟ್ ಟೂ ಬ್ಯಾಡ್. ಅದಾದ ಮೇಲೆ ಒಂದು ಕ್ಷಣ ಮೌನ. ಆ ಮೌನದಲ್ಲಿ ಓಡಿಹೋದರೆ ಬಚಾವ್. ಇಲ್ಲದಿದ್ದರೆ 1991.

1991ರ ಅಕ್ಟೋಬರ್ 31, ಹ್ಯಾಲೋವೀನ್. ಮಕ್ಕಳು ವೇಷ ಹಾಕಿಕೊಂಡು ಚಾಕೊಲೇಟ್ ಕೇಳಲು ಹೊರಡುವ ಆ ದಿನ ಶುರುವಾದ ಸ್ನೋ ನವೆಂಬರ್ 3ರವರೆಗೆ ಬಿತ್ತು. ಮಿನಿಯಾಪೊಲಿಸ್‌ನಲ್ಲಿ 28.4 ಇಂಚು. ಉತ್ತರದ ಡುಲೂತ್‌ನಲ್ಲಿ 36.9. ಆ ದಶಮಾಂಶವನ್ನು ಅಜ್ಜ ತಾವೇ ಸ್ಕೇಲು ಹಿಡಿದು ಅಳೆದವರ ಹಾಗೆ ಹೇಳುತ್ತಾರೆ. ನಾನು ಆಗ ತೀರ್ಥಹಳ್ಳಿಯಲ್ಲಿ ಮೂರನೇ ಕ್ಲಾಸು. ಆದರೂ ಕೇಳಿ ಕೇಳಿ, ನಾನೂ ಆ ರಾತ್ರಿ ಇಲ್ಲೇ ಇದ್ದೆನೇನೋ ಅನ್ನಿಸತೊಡಗಿದೆ.

ಮೊಟ್ಟೆಯ ರೇಟಿನಿಂದ ಹೊರಟರೂ ಮಾತು 1991ಕ್ಕೆ ಮುಟ್ಟುತ್ತದೆ. ಚುನಾವಣೆಯಿಂದ ಹೊರಟರೂ ಅಷ್ಟೇ, ಕಸದ ಗಾಡಿ ಬರಲಿಲ್ಲ ಅಂದರೂ ಅಷ್ಟೇ. ಒಂದು ಸಲ ಬೇಕಂತಲೇ ಪರೀಕ್ಷೆ ಮಾಡಿದೆ. ಜುಲೈ ತಿಂಗಳು, ಸುಡು ಬಿಸಿಲು. ಹಿತ್ತಲಲ್ಲಿ ಬಿಟ್ಟ ಬದನೆಕಾಯಿ ಕೊಟ್ಟು, 'ಇದರಲ್ಲಿ ಎಣ್ಣೆಗಾಯಿ ಮಾಡುತ್ತೇವೆ' ಅಂದೆ. ಬದನೆಕಾಯಿಯಿಂದ 1991ಕ್ಕೆ ದಾರಿಯೇ ಇಲ್ಲ ಅಂತ ನನ್ನ ಧೈರ್ಯ. ಅಜ್ಜ ಬದನೆಕಾಯಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆ ಒಂದು ಕ್ಷಣದ ಮೌನ. ಆಮೇಲೆ, 'ತೊಂಬತ್ತೊಂದರಲ್ಲಿ ನಮ್ಮ ಹ್ಯಾಲೋವೀನ್ ಕುಂಬಳಕಾಯಿಗಳೆಲ್ಲ ಸ್ನೋ ಅಡಿ ಹೋದವು. ಏಪ್ರಿಲ್‌ನಲ್ಲಿ ಸಿಕ್ಕವು' ಅಂದರು.

ಇವತ್ತೂ ಗೋಡೆ ನೋಡಿ ಅದನ್ನೇ ಹೇಳಿದರು. 'ಇದೂ ಒಂದು ಸ್ನೋನಾ?' ಹೇಳಿ ಕಾಫಿ ಕುಡಿಯಲು ಒಳಗೆ ಹೋದರು.

ಅಜ್ಜನ ಲೆಕ್ಕದಲ್ಲಿ ಸ್ನೋ ಮೇಲೆ ಗಾಡಿ ಓಡಿಸಲು ಬರುವುದು ಮಿನ್ನೆಸೋಟಾದವರಿಗೆ ಮಾತ್ರ. ಪಕ್ಕದ ವಿಸ್ಕಾನ್ಸಿನ್‌ನವರು ಸುಮ್ ಸುಮ್ನೆ ಬ್ರೇಕ್ ತುಳಿಯುತ್ತಾರೆ. ಶಿಕಾಗೋದವರು ಸುಮ್ ಸುಮ್ನೆ ಹಾರ್ನ್ ಹೊಡೆಯುತ್ತಾರೆ. ಅದಕ್ಕಿಂತ ದಕ್ಷಿಣದವರ ಮಾತೇ ಬೇಡ. ಪಾಪ ವಿಸ್ಕಾನ್ಸಿನ್‌ನವರ ಮೇಲೆ ನನಗೆ ಗೌರವ ಇದೆ. ಮೈನಸ್ 9 ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಮಾಮೂಲಿ ಉಪ್ಪು ರಸ್ತೆಯಲ್ಲಿ ಸುಸ್ತಾಗಿಬಿಡುತ್ತದೆ, ಐಸ್ ಕರಗಿಸಲು ಅದಕ್ಕೆ ಆಗುವುದಿಲ್ಲ. ಏನೇನೋ ಬೆರೆಸಿ ನೋಡುತ್ತಾರೆ. ವಿಸ್ಕಾನ್ಸಿನ್‌ನ ಕೆಲವು ಕಡೆ ಚೀಸ್ ಮಾಡಿ ಉಳಿದ ಉಪ್ಪುನೀರನ್ನೇ ರಸ್ತೆಗೆ ಹೊಡೆಯುತ್ತಾರೆ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. 'ಮಿಡಿ ಉಪ್ಪಿನಕಾಯಿ ನೀರು ಆಗ್ತದಾ ಕೇಳು ಮಾರಾಯ. ಹೋದ ವರ್ಷದ್ದು ಎರಡು ಭರಣಿ ಹಾಗೇ ಉಂಟು' ಅಂದರು.

ಶಿಕಾಗೋದ ವಿಷಯ ಬೇರೆ. ಅಲ್ಲಿ ಬೀದಿಯಲ್ಲಿ ಸ್ನೋ ಬಾಚಿ ಕಾರು ನಿಲ್ಲಿಸುವಷ್ಟು ಜಾಗ ಮಾಡಿಕೊಂಡವರು, ಕಾರು ತೆಗೆಯುವಾಗ ಅಲ್ಲಿ ಹಳೇ ಕುರ್ಚಿ ಇಟ್ಟು ಹೋಗುತ್ತಾರೆ. ಡಿಬ್ಸ್ ಅಂತ ಅದಕ್ಕೆ ಹೆಸರು. ಕುರ್ಚಿ ಇಲ್ಲದಿದ್ದರೆ ಇಸ್ತ್ರಿ ಮೇಜು, ಏಣಿ, ಮಕ್ಕಳ ಆಟದ ಸಾಮಾನು. ಅಮೆರಿಕದವರು ಇದರ ಬಗ್ಗೆ ಸರಿ ತಪ್ಪು ಅಂತ ತುಂಬ ಚರ್ಚೆ ಮಾಡುತ್ತಾರೆ. ನನಗೆ ಮೊದಲ ಸಲ ನೋಡಿದ ಕೂಡಲೇ ಅರ್ಥವಾಯಿತು. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವನಿಗೆ ಡಿಬ್ಸ್ ಬಗ್ಗೆ ಯಾರೂ ಪಾಠ ಮಾಡಬೇಕಿಲ್ಲ. ನನ್ನ ಅನುಭವದಲ್ಲಿ ಟವೆಲ್ಲಿಗಿದ್ದ ಮರ್ಯಾದೆ ಕುರ್ಚಿಗಿಲ್ಲ.

ದಕ್ಷಿಣದ ಅಟ್ಲಾಂಟಾದಲ್ಲಿ ಹಾಸನದ ಗೆಳೆಯನೊಬ್ಬ ಇದ್ದಾನೆ. ಎರಡು ಇಂಚು ಬೀಳುತ್ತದೆ ಅಂತ ಸುದ್ದಿ ಬಂದರೆ ಅಲ್ಲಿ ಅಂಗಡಿಯ ಹಾಲು, ಬ್ರೆಡ್ಡು ಖಾಲಿ. ಮೊದಲು ನಗುತ್ತಿದ್ದೆ. 2014ರ ಜನವರಿ 28ರ ಕಥೆ ಅವನ ಬಾಯಿಂದ ಕೇಳಿದ ಮೇಲೆ ಬಿಟ್ಟೆ. ಬಿದ್ದದ್ದು ಬರೀ ಎರಡೂವರೆ ಇಂಚಿನಷ್ಟು. ಆಫೀಸು, ಸ್ಕೂಲು ಎಲ್ಲ ಒಟ್ಟಿಗೇ ಬಿಟ್ಟರು. ಎಲ್ಲರ ಕಾರೂ ಒಟ್ಟಿಗೇ ರಸ್ತೆಗೆ. ಉಪ್ಪು ಹಾಕುವ ಲಾರಿಯೂ ಅದೇ ಜಾಮಿನಲ್ಲಿ. ಚಕ್ರದಡಿ ಕರಗಿದ್ದು ಮತ್ತೆ ಗಟ್ಟಿಯಾಗಿ ರಸ್ತೆಯೆಲ್ಲ ಗಾಜು. ಎಷ್ಟೋ ಮಕ್ಕಳು ರಾತ್ರಿ ಸ್ಕೂಲಿನಲ್ಲೇ ಮಲಗಿದರು. ನಮ್ಮ ಗೆಳೆಯ ಅಂಗಡಿಯೊಂದರ ನೆಲದ ಮೇಲೆ ಮಲಗಿದ. ನಿಜ ಹೇಳಬೇಕೆಂದರೆ ಒಣ ಸ್ನೋ ಮೇಲೆ ಓಡಿಸುವ ನಮ್ಮದು ಸುಲಭದ ಪರೀಕ್ಷೆ, ಅವರದ್ದೇ ಕಷ್ಟದ್ದು. ಇದನ್ನು ಅಜ್ಜನಿಗೆ ಹೇಳಿದೆ. ಅವರು 28.4 ಅಂದರು.

ಮಾಂಟ್ರಿಯಲ್‌ನಲ್ಲಿರುವ ಭಾವ ಇನ್ನೊಂದು ಥರ. ಅದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಊರು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಪ್ರತಿ ವರ್ಷ ಡಿಸೆಂಬರ್ 1ಕ್ಕೆ ಫೋನ್ ಮಾಡಿ, 'ನಿಮ್ಮಲ್ಲಿ ಇನ್ನೂ ಕಾನೂನು ಆಗಿಲ್ವಾ?' ಅಂತ ಕೇಳುತ್ತಾರೆ. ದೀಪಾವಳಿಗೆ ಫೋನ್ ಮಾಡುವುದಿಲ್ಲ.

ಇನ್ನು ಬೆಂಗಳೂರಿನ ಕಸಿನ್. ಮನಾಲಿಗೆ ಹೋಗಿ ಬಾಡಿಗೆ ಕೋಟು, ಬಾಡಿಗೆ ಬೂಟು ಹಾಕಿಕೊಂಡು, 9 ಕಿಲೋಮೀಟರಿನ ಅಟಲ್ ಸುರಂಗ ದಾಟಿ, ಆ ಕಡೆ ಟ್ಯಾಕ್ಸಿಯಲ್ಲಿ ಜಾಮಿಗೆ ಸಿಕ್ಕಿಬಿದ್ದ. ಚಕ್ರಕ್ಕೆ ಚೈನು ಸುತ್ತಿದ್ದು ಡ್ರೈವರು, ಗಾಡಿ ಇಳಿಸಿದ್ದು ಡ್ರೈವರು. ಫ್ಯಾಮಿಲಿ ಗ್ರೂಪಿನಲ್ಲಿ ಇವನು ಹಾಕಿದ್ದು: 'ಸ್ನೋ ಡ್ರೈವಿಂಗ್ ಅಂಥಾ ಕಷ್ಟ ಏನಲ್ಲ.'

ನಾನು ಏನು ಕಡಿಮೆಯವನಲ್ಲ. ಮೊದಲ ವರ್ಷ ಕಾರಿನ ಗಾಜು ತೊಳೆಯುವ ಟ್ಯಾಂಕಿಗೆ, ಊರಲ್ಲಿ ಮಾಡುವ ಹಾಗೆ, ನಲ್ಲಿ ನೀರು ತುಂಬಿಸಿದ್ದೆ. ಮಾರ್ಚ್‌ವರೆಗೂ ಅದು ಒಂದೇ ಗಡ್ಡೆಯಾಗಿ ಕೂತಿತ್ತು. ಆದರೆ ನನ್ನ ಮಹಾಪರಾಧ ಅದಲ್ಲ.

ಹೋದ ವರ್ಷದ ಸಂಕ್ರಾಂತಿ. ಚಳಿಗಾಲದಲ್ಲಿ ಇಲ್ಲಿ ಕಾರಿನ ಮೈಯೆಲ್ಲ ಉಪ್ಪು. ನೋಡಿದರೆ ಮಜ್ಜಿಗೆ ಮೆಣಸಿನಕಾಯಿ ನೆನಪಾಗುತ್ತದೆ. 'ಹಬ್ಬಕ್ಕಾದ್ರೂ ತೊಳೆಸ್ಕೊಂಡು ಬನ್ರೀ' ಅಂದಳು ಹೆಂಡತಿ. ಹಿಂದಿನ ಸಂಜೆ ತೊಳೆಸಿಕೊಂಡು ಬಂದೆ. ಥಳಥಳ ಅಂತಿತ್ತು. ನಮ್ಮ ಗ್ಯಾರೇಜಿನಲ್ಲಿ ಒಂದು ಕಾರಿಗೆ ಜಾಗ, ಅದು ಅವಳದು. ಉಳಿದರ್ಧ ಸೋನಾ ಮಸೂರಿಯದು. ಹಾಗಾಗಿ ನನ್ನ ಕಾರು ಹೊರಗೆ. ರಾತ್ರಿ ಮೈನಸ್ 25ಕ್ಕೆ ಇಳಿಯಿತು. ಬಾಗಿಲಿನ ರಬ್ಬರಿನಲ್ಲಿ ಉಳಿದಿದ್ದ ನೀರು ಐಸಾಗಿ, ಬೆಳಿಗ್ಗೆ ನಾಲ್ಕು ಬಾಗಿಲೂ ಅಲ್ಲಾಡಲಿಲ್ಲ.

ಡಿಕ್ಕಿ ಮಾತ್ರ ತೆರೆಯಿತು. ತಲೆಗೆ ಮಂಕಿ ಕ್ಯಾಪು, ಮೈಮೇಲೆ ಹಾಸಿಗೆ ಸುತ್ತಿಕೊಂಡಂಥ ಜಾಕೆಟ್ಟು, ಕೈಯಲ್ಲಿ ಆಫೀಸಿನಲ್ಲಿ ಹಂಚಲು ಎಳ್ಳುಬೆಲ್ಲದ ಡಬ್ಬಿ. ಡಬ್ಬಿ ಮುಂದೆ ದೂಡಿ, ಸಲಿಕೆ, ಕಂಬಳಿ, ಚಕ್ರದಡಿ ಸುರಿಯಲು ಇಟ್ಟುಕೊಂಡ ಮರಳಿನ ಚೀಲ ಎಲ್ಲದರ ಮೇಲೆ ಉಡದ ಹಾಗೆ ತೆವಳಿದೆ. ಹಿಂದಿನ ಸೀಟು ದಾಟಿದೆ. ಮುಂದಿನ ಎರಡು ಸೀಟಿನ ನಡುವೆ ಜಾಕೆಟ್ಟು ಕಚ್ಚಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊಸರಾಡಿದ ರಭಸಕ್ಕೆ ಮೊಣಕೈ ಹಾರ್ನಿನ ಮೇಲೆ ಬಿತ್ತು. ಬೆಳಗಿನ ಏಳು ಗಂಟೆಗೆ ಇಡೀ ಬೀದಿಗೆ ಸುಪ್ರಭಾತ. ಡಬ್ಬಿಯ ಮುಚ್ಚಳ ಹಾರಿತು. ಸಕ್ಕರೆ ಅಚ್ಚಿನ ಒಂದು ಆನೆ ಗೇರಿನ ಬುಡದಲ್ಲಿ ಹೋಗಿ ನಿಂತಿತು.

ತೆರೆದ ಡಿಕ್ಕಿಯ ಕಡೆಯಿಂದ ಧ್ವನಿ ಬಂತು. 'ಹೇಗಿದೀಯ?'

ಅಜ್ಜನಿಗೆ ಕಾಣುತ್ತಿದ್ದದ್ದು ನನ್ನ ಎರಡು ಬೂಟು ಮಾತ್ರ. ನಾನು ಒಳಗಿನಿಂದ ಏನಂದೆ ಗೊತ್ತಾ? 'ನಾಟ್ ಟೂ ಬ್ಯಾಡ್.'

ಅವರು ಬಾಗಿಲ ಹತ್ತಿರ ಬಂದರು. ಎಳೆಯಲಿಲ್ಲ. ಸೊಂಟದಿಂದ ಬಾಗಿಲನ್ನೇ ಒಳಕ್ಕೆ ಎರಡು ಸಲ ಗುದ್ದಿದರು. ಚಟ್ ಅಂತ ಐಸು ಒಡೆಯಿತು, ಬಾಗಿಲು ತೆರೆಯಿತು. ಎಳೆಯಬಾರದಂತೆ, ತಳ್ಳಬೇಕಂತೆ. ಆಮೇಲೆ ಆ ಒಂದು ಕ್ಷಣದ ಮೌನ. ನಾನೋ ಓಡುವ ಸ್ಥಿತಿಯಲ್ಲಿರಲಿಲ್ಲ. 'ತೊಂಬತ್ತೊಂದರಲ್ಲಿ ನಿನಗಿದ್ದ ಹಾಗೆ ಡಿಕ್ಕಿಯ ಅನುಕೂಲ ನಮಗಿರಲಿಲ್ಲ. ಕಾರೇ ಕಾಣುತ್ತಿರಲಿಲ್ಲ' ಅಂದರು.

ಈಗಲೂ ಹೀಟರ್ ಹಾಕಿದರೆ ಒಂದೆರಡು ಎಳ್ಳು ಹಾರುತ್ತವೆ.

ಆ ಡಿಕ್ಕಿಯಲ್ಲಿ ತೆವಳುವಾಗ ಮೂಗು ಕಂಬಳಿಗೆ ತಾಗಿತ್ತು. ಊರಿಂದ ತಂದ ಕಂಬಳಿ, ಅಪ್ಪಯ್ಯನದು. ಮಳೆಗಾಲದಲ್ಲಿ ಅಪ್ಪಯ್ಯನ ಜೀಪಿನ ಹಿಂದೆಯೂ ಹೀಗೇ ಇರುತ್ತಿತ್ತು. ಕಂಬಳಿ, ಹಗ್ಗ, ಟಾರ್ಚು, ರಸ್ತೆಗೆ ಮರ ಬಿದ್ದರೆ ಕಡಿಯಲು ಕತ್ತಿ. ಜುಲೈನಲ್ಲಿ ಬೆಂಗಳೂರಿನ ನೆಂಟರು ಆಗುಂಬೆ ಘಾಟಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ಹಿಡಿದು ನಿಲ್ಲುತ್ತಿದ್ದರು. ಅಪ್ಪಯ್ಯ ಜೀಪಿನಲ್ಲಿ ಅವರ ಹಿಂದೆಯೇ, ನಗುತ್ತಾ. 'ಇವ್ರಿಗೆ ಮಳೇಲಿ ಗಾಡಿ ಹೊಡಿಯಕ್ಕೆ ಬರಲ್ಲ ನೋಡು.' ಅವರಿಗೂ ಚಿಕ್ಕಂದಿನ ಒಂದು ಮಳೆ ಇತ್ತು. ಆಮೇಲೆ ಬಂದ ಯಾವ ಮಳೆಯೂ ಅದರ ಮುಂದೆ ಮಳೆಯೇ ಅಲ್ಲ. ಇಲ್ಲಿಗೆ ಕರೆಸಿಕೊಳ್ಳಬೇಕು ಅಂತ ಪಾಸ್‌ಪೋರ್ಟ್ ಮಾಡಿಸಿದ್ದೆವು. ಒಂದು ಸೀಲೂ ಬೀಳಲಿಲ್ಲ. ಅವರನ್ನೂ ಎದುರು ಮನೆ ಅಜ್ಜನನ್ನೂ ಎರಡು ಕುರ್ಚಿ ಹಾಕಿ ಕೂರಿಸಬೇಕಿತ್ತು. ಭಾಷೆ ಬರದಿದ್ದರೂ ಯಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲವಲ್ಲ, ತೊಂದರೆ ಇರಲಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಫೋನ್ ಬಂತು. ಹೋದ ತಿಂಗಳು ಮೈಸೂರಿನಿಂದ ನಮ್ಮ ಆಫೀಸಿಗೆ ಬಂದ ಹುಡುಗ. 'ಸರ್, 7 ಇಂಚು ಬಿದ್ದಿದೆ. ರಸ್ತೆ ಹೇಗಿದೆ ಸರ್?'

'ನಾಟ್ ಟೂ ಬ್ಯಾಡ್' ಅಂದೆ. ಒಂದು ಕ್ಷಣ ಸುಮ್ಮನಾದೆ. ಆಮೇಲೆ ಬಾಯಿ ತಾನಾಗಿಯೇ ಹೊರಟಿತು. 'ಇದೂ ಒಂದು ಸ್ನೋನಾ ಮಾರಾಯ? 2023ರಲ್ಲಿ ನೀನು ಇಲ್ಲಿರಬೇಕಿತ್ತು. ಆ ಸೀಸನ್ನಿಗೆ ಒಟ್ಟು 90.3 ಇಂಚು...'

ಹೆಂಡತಿ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ ನನ್ನನ್ನೇ ನೋಡಿದಳು. ಆ ಕಡೆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸರ್, ಉಪ್ಪು ಎಲ್ಲಿ ಸಿಗುತ್ತೆ ಅಂತ ಕೇಳೋಣ ಅಂತಿದ್ದೆ' ಅಂದ.

ಹೇಳೋಣ ಅಂದರೆ ಕಿಟಕಿಯ ಪರದೆಯ ಮೇಲೆ ಹಳದಿ ದೀಪ ತಿರುಗುತ್ತಿದೆ. ರಸ್ತೆಯ ಇನ್ನೊಂದು ಬದಿ ಬಾಚಿ ಮುಗಿಸಿದ ಲಾರಿ ವಾಪಸ್ ಬರುತ್ತಿದೆ. ಸಲಿಕೆ ಎಲ್ಲಿಟ್ಟೆ?